ಹೊಲದಂಚಿನ ಬಾಡಿಗೆ ಮನೆ

ಹೊಸೂರು, ಬಾಗಲೂರು, ಮತ್ತಿಗಿರಿ, ಕೆಲಮಂಗಲದ ಸುತ್ತಿನ ಹಳ್ಳಿಗಳಲ್ಲಿ ಇಂದು ಇಬ್ಬರು ರೈತರು ಕೂಡಿದರೆ ರಾಗಿ, ಟೊಮೇಟೊ, ಗುಲಾಬಿಗಳ ಧಾರಣೆಯ ಮಾತಿನ ಜೊತೆಗೆ ಇನ್ನೊಂದು ಮಾತೂ ಬರುತ್ತದೆ. "ರಸ್ತೆ ಬದಿಯ ಹೊಲದಂಚಿನಲ್ಲಿ ನಾಲ್ಕು ರೂಮು ಹಾಕಿಸಿದರೆ ಹೇಗೆ?" ಎಂಬುದೇ ಆ ಮಾತು. ಇದು ಕಾರಣವಿಲ್ಲದೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ತಮಿಳುನಾಡು ಸರಕಾರದ ಸಿಪ್ಕಾಟ್ ಸಂಸ್ಥೆಯು ಹೊಸೂರಿನಲ್ಲಿ ಕೈಗಾರಿಕಾ ವಲಯವನ್ನು ತೆರೆದಂದಿನಿಂದ ಕಾರ್ಖಾನೆಗಳು ಒಂದರ ಹಿಂದೊಂದು ಬಂದಿವೆ. ಕೆಲಸ ಹುಡುಕಿ ಬಂದವರಿಗೆ ತಲೆಯ ಮೇಲೊಂದು ಸೂರು ಬೇಕು. ಹೊಸೂರು 2019ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಊರು ಬೆಳೆದಂತೆ ಬಾಡಿಗೆ ಮನೆಗಳಿಗೆ ಬೇಡಿಕೆಯೂ ಬೆಳೆಯಿತು.

ಮಳೆ ಬಂದರೂ ಬಾರದಿದ್ದರೂ ತಿಂಗಳ ಮೊದಲ ವಾರದಲ್ಲಿ ಬಾಡಿಗೆ ಬರುತ್ತದೆಂಬ ಆಸೆ ಒಕ್ಕಲಿಗನಿಗೆ ಸಹಜ. ಆದರೆ ಬಾಡಿಗೆಯೂ ಒಂದು ಬೆಳೆಯೇ. ಅದಕ್ಕೂ ಬೀಜದ ಖರ್ಚುಂಟು, ಕಳೆಯುಂಟು, ಬರಗಾಲವೂ ಉಂಟು. ಲೆಕ್ಕವನ್ನೂ ಕಾಗದವನ್ನೂ ಸರಿಯಾಗಿಡದೆ, ಇದ್ದ ಭೂಮಿಯನ್ನು ಅಡವಿಟ್ಟು ಮನೆ ಕಟ್ಟಿದರೆ, ಕೊನೆಗೆ ಮನೆಯೂ ಇಲ್ಲ ಹೊಲವೂ ಇಲ್ಲ ಎಂಬ ಸ್ಥಿತಿ ಬಂದೀತು. ಆದುದರಿಂದ ಪಾಯ ತೋಡುವ ಮೊದಲು ತಿಳಿಯಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಹೇಳಲಾಗಿದೆ.

ಜಾಗ ಮತ್ತು ಪಟ್ಟಾ

ಮೊದಲನೆಯದಾಗಿ ಜಾಗದ ವಿಚಾರ. ಬಾವಿಯ ನೀರು ಹರಿಯುವ ಒಳ್ಳೆಯ ಕಪ್ಪು ಮಣ್ಣಿನ ತಾಕನ್ನು ಮನೆಗೆಂದು ಕೆಡಿಸಬಾರದು. ಕಲ್ಲುನೆಲ, ಬೆಳೆ ಸರಿಯಾಗಿ ಏಳದ ಮೂಲೆ, ರಸ್ತೆಗೆ ತಾಗಿದ ತುಣುಕು ಇವೇ ಇದಕ್ಕೆ ತಕ್ಕವು. ಒಳಗಿನ ಹೊಲಕ್ಕೆ ಟ್ರಾಕ್ಟರು ಹೋಗುವ ದಾರಿಯನ್ನೂ ಮಳೆನೀರು ಹರಿದುಹೋಗುವ ಕಾಲುವೆಯನ್ನೂ ಬಿಟ್ಟೇ ಗೋಡೆ ಎತ್ತಬೇಕು. ಕಕ್ಕಸಿನ ಗುಂಡಿಯು ಕುಡಿಯುವ ನೀರಿನ ಬಾವಿ ಅಥವಾ ಕೊಳವೆ ಬಾವಿಗೆ 60 ಅಡಿಗಿಂತ ಹತ್ತಿರ ಬರಕೂಡದು. ನಾಲ್ಕು ರೂಮುಗಳಲ್ಲಿ ಹತ್ತು ಹನ್ನೆರಡು ಜನರು ವಾಸಿಸುವರೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಎರಡನೆಯದು ಹಕ್ಕಿನ ವಿಚಾರ. ನಮ್ಮ ಕಡೆಯ ಎಷ್ಟೋ ಜಮೀನುಗಳು ಇನ್ನೂ ಅಣ್ಣತಮ್ಮಂದಿರ ಜಂಟಿ ಪಟ್ಟಾದಲ್ಲೇ ಇವೆ. ಬಾಯಿಮಾತಿನ ಪಾಲಿನ ಮೇಲೆ ಒಬ್ಬನು ಮನೆ ಕಟ್ಟಿದರೆ, ಬಾಡಿಗೆ ಬರತೊಡಗಿದ ದಿನವೇ ಉಳಿದವರಿಗೂ ಆ ಮೂಲೆಯ ಮೇಲೆ ಕಣ್ಣು ಬೀಳುತ್ತದೆ. ಅಕ್ಕತಂಗಿಯರಿಗೂ ಪಿತ್ರಾರ್ಜಿತದಲ್ಲಿ ಸಮಪಾಲುಂಟೆಂಬುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ದೇಶಕ್ಕೆಲ್ಲ ಅನ್ವಯಿಸಿದೆ. ಮೊದಲು ವಿಭಾಗ ಪತ್ರ ರಿಜಿಸ್ಟರಾಗಲಿ, ಪಟ್ಟಾ ಬೇರೆಯಾಗಲಿ, ಆಮೇಲೆ ಇಟ್ಟಿಗೆ ಬರಲಿ. ಸ್ಥಳೀಯ ಸಂಸ್ಥೆಯಿಂದ ನಕ್ಷೆಗೆ ಮಂಜೂರಾತಿಯನ್ನೂ ಪಡೆಯಬೇಕು. ಮಂಜೂರಾತಿಯಿಲ್ಲದ ಕಟ್ಟಡಕ್ಕೆ ಬ್ಯಾಂಕಿನ ಸಾಲಕ್ಕೂ ವಿದ್ಯುತ್ ಸಂಪರ್ಕಕ್ಕೂ ತೊಡಕು ತಪ್ಪದು.

ನಿಜವಾದ ಆದಾಯವೆಷ್ಟು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದು ಖರ್ಚಿನ ಅಂದಾಜು ಯಾವಾಗಲೂ ಮೀರುತ್ತದೆಂಬ ಅನುಭವದಿಂದಲೇ. ಲೆಕ್ಕದ ರೀತಿ ತಿಳಿಯಲೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕೆಗಳನ್ನು ವಾಚಕರು ತಮ್ಮ ಊರಿನ ದರಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

ಒಂದು ರೂಮಿಗೆ 4 ಲಕ್ಷದಂತೆ ನಾಲ್ಕು ರೂಮುಗಳಿಗೆ 16 ಲಕ್ಷ ರೂಪಾಯಿ ತಗಲಿತೆನ್ನಿ. ಕೈಯಲ್ಲಿ 6 ಲಕ್ಷವಿದೆ. ಉಳಿದ 10 ಲಕ್ಷವನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಹತ್ತು ವರ್ಷದ ಅವಧಿಗೆ ಬ್ಯಾಂಕಿನಿಂದ ತಂದದ್ದಾಯಿತು. ಇದರ ತಿಂಗಳ ಕಂತು 13,215 ರೂಪಾಯಿ, ವರ್ಷಕ್ಕೆ 1,58,580. ಒಂದೊಂದು ರೂಮಿಗೆ ತಿಂಗಳಿಗೆ 4,000 ಬಾಡಿಗೆಯಂತೆ ವರ್ಷಕ್ಕೆ ಬರುವುದು 1,92,000. ಕಂತು ಕಳೆದು 33,420 ಉಳಿಯಿತೆಂದು ಬೆರಳೆಣಿಸಿ ಸಂತೋಷಪಡುವವರೇ ಹೆಚ್ಚು.

ಈಗ ಕಳೆಯ ಲೆಕ್ಕ ನೋಡಿ. ಕೆಲಸ ಬಿಟ್ಟು ಹೋಗುವವರು, ಊರಿಗೆ ಮರಳುವವರು ಇದ್ದೇ ಇರುತ್ತಾರೆ. ಒಂದೊಂದು ರೂಮೂ ವರ್ಷದಲ್ಲಿ ಒಂದು ತಿಂಗಳು ಖಾಲಿ ನಿಂತರೆ 16,000 ಹೋಯಿತು. ಮನೆ ತೆರಿಗೆ 6,000, ಅಂಗಳದ ದೀಪಕ್ಕೂ ನೀರಿನ ಮೋಟರಿಗೂ 6,000, ಸುಣ್ಣಬಣ್ಣ, ರಿಪೇರಿ, ಗುಂಡಿ ಖಾಲಿ ಮಾಡಿಸುವುದಕ್ಕೆ 12,000 ಎಂದರೆ ಇನ್ನೊಂದು 24,000 ಹೋಯಿತು. ಉಳಿದದ್ದು 1,52,000. ಬ್ಯಾಂಕಿಗೆ ಕಟ್ಟಬೇಕಾದದ್ದು 1,58,580. ಅಂದರೆ ವರ್ಷಕ್ಕೆ 6,580 ರೂಪಾಯಿಯನ್ನು ರಾಗಿ ಮಾರಿಯೋ ಹಾಲು ಮಾರಿಯೋ ಕೈಯಿಂದ ಹಾಕಬೇಕು. ಒಂದು ಕಾರ್ಖಾನೆ ಕೆಲ ತಿಂಗಳು ಪಾಳಿ ಕಡಿಮೆ ಮಾಡಿ, ಎರಡು ರೂಮುಗಳು ಖಾಲಿ ನಿಂತರೆ ಹೊಲದ ಪತ್ರವೇ ಅಲುಗಾಡತೊಡಗುತ್ತದೆ.

ಇದೇ ರೈತನು ಮೊದಲಿಗೆ ಎರಡೇ ರೂಮುಗಳನ್ನು 8 ಲಕ್ಷದಲ್ಲಿ ಕಟ್ಟಿ, 2 ಲಕ್ಷ ಮಾತ್ರ ಸಾಲ ತಂದರೆ ವರ್ಷದ ಕಂತು 31,716. ಮೇಲಿನ ಖರ್ಚುಗಳ ಅರ್ಧವನ್ನು ಕಳೆದು ಕೈಗೆ ಸಿಗುವ ಬಾಡಿಗೆ 76,000. ಕಂತು ತೀರಿಸಿಯೂ 44,284 ಉಳಿಯುತ್ತದೆ. ಗೋಡೆಯನ್ನು ಮುಂದಕ್ಕೆ ಬೆಳೆಸುವಂತೆ ಕಟ್ಟಿದರೆ ಉಳಿದ ಎರಡನ್ನು ನಾಲ್ಕಾರು ವರ್ಷಗಳ ಮೇಲೆ ಸೇರಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿ ಬರಿಯ ಗಾದೆಯಲ್ಲ, ಗಣಿತ.

ಭೋಗ್ಯವೋ, ಬಾಡಿಗೆಯೋ?

ಬೆಂಗಳೂರಿನಲ್ಲಿರುವಂತೆ ನಮ್ಮಲ್ಲಿಯೂ ಭೋಗ್ಯದ ವಾಡಿಕೆಯಿದೆ. ಬಿಡಾರಕ್ಕೆ ಬರುವವನು ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಡುತ್ತಾನೆ. ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾನೆ. ಬಿಡುವಾಗ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯುತ್ತಾನೆ. ಮಗಳ ಮದುವೆಗೋ ಕೊಳವೆ ಬಾವಿಗೋ ಹಣ ಬೇಕಾದಾಗ ಇದು ಸುಲಭದ ದಾರಿಯಾಗಿ ಕಾಣುತ್ತದೆ.

ಆದರೆ ಭೋಗ್ಯದ ಹಣ ಆದಾಯವಲ್ಲ, ಸಾಲ. ತಿಂಗಳಿಗೆ 4,000 ಬಾಡಿಗೆ ಬರುವ ಮನೆಯನ್ನು 3 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ 48,000 ಬಾಡಿಗೆಯನ್ನು ಬಿಟ್ಟಂತಾಯಿತು. ಇದು ನೂರಕ್ಕೆ 16ರ ಬಡ್ಡಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಕೈಸಾಲ, ಅಂದರೆ ವರ್ಷಕ್ಕೆ 24ರ ಬಡ್ಡಿ, ತಲೆಯ ಮೇಲಿದ್ದರೆ ಅದನ್ನು ತೀರಿಸಲು ಭೋಗ್ಯ ಲಾಭವೇ ಸರಿ. ಬೇಸಾಯಕ್ಕೆಂದಾದರೆ ಸಹಕಾರ ಸಂಘದ ಬೆಳೆ ಸಾಲ ಇದಕ್ಕಿಂತ ಎಷ್ಟೋ ಅಗ್ಗ. ಇನ್ನು ಆ ಹಣವನ್ನು ಮದುವೆಗೆ ಖರ್ಚು ಮಾಡಿದರೆ, ಅವಧಿ ಮುಗಿದ ದಿನ 3 ಲಕ್ಷವನ್ನು ಎಲ್ಲಿಂದ ತರುವುದು? ಹೆಚ್ಚಿನವರು ಮತ್ತೊಬ್ಬನಿಂದ ಭೋಗ್ಯ ಪಡೆದು ಮೊದಲಿನವನಿಗೆ ಕೊಡುತ್ತಾರೆ. ಆ ಮತ್ತೊಬ್ಬನು ಸಿಗುವವರೆಗೆ ಮೊದಲಿನವನು ಮನೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಜಗಳಗಳು ಹುಟ್ಟುವುದು ಇಲ್ಲಿಯೇ. ಭೋಗ್ಯಕ್ಕೆ ಕೊಡಲೇಬೇಕಾದರೆ ಮೊತ್ತದ ಒಂದು ಪಾಲನ್ನಾದರೂ ಬ್ಯಾಂಕಿನಲ್ಲಿ ಠೇವಣಿಯಿಟ್ಟು ಮುಟ್ಟದಿರುವುದು ಉತ್ತಮ.

ಕರಾರು ಪತ್ರ

"ನಂಬಿಕೆಯ ಮನುಷ್ಯ, ಕಾಗದವೇಕೆ?" ಎನ್ನುವವರುಂಟು. ನಂಬಿಕೆ ಉಳಿಯಬೇಕೆಂದೇ ಕಾಗದ ಬೇಕು. ತಮಿಳುನಾಡಿನಲ್ಲಿ 1960ರ ಬಾಡಿಗೆ ನಿಯಂತ್ರಣ ಕಾಯಿದೆಯನ್ನು ತೆಗೆದು, 2017ರಲ್ಲಿ ಮನೆಯೊಡೆಯರ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳ ಹೊಸ ಕಾಯಿದೆಯನ್ನು ಮಾಡಲಾಯಿತು. ಅದು 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಬಾಡಿಗೆಯ ಕರಾರು ಬರವಣಿಗೆಯಲ್ಲಿಯೇ ಇರಬೇಕು. ಅದನ್ನು ಬಾಡಿಗೆ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಹನ್ನೊಂದು ತಿಂಗಳ ಕರಾರಾದರೆ ನೋಂದಣಿ ಬೇಡವೆಂಬ ಹಳೆಯ ರೂಢಿಯು 1908ರ ನೋಂದಣಿ ಕಾಯಿದೆಯಿಂದ ಬಂದದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಮಾತ್ರ ಅದು ಕಡ್ಡಾಯವಾಗಿ ರಿಜಿಸ್ಟರು ಮಾಡಿಸುತ್ತದೆ. ಹೊಸ ಕಾಯಿದೆಯ ಮುಂದೆ ಆ ರೂಢಿಯನ್ನು ನೆಚ್ಚಿ ಕೂರುವಂತಿಲ್ಲ. ನೋಂದಣಿಯಿಲ್ಲದ ಪತ್ರವು ವ್ಯಾಜ್ಯದ ವೇಳೆ ಬಲ ಕಳೆದುಕೊಳ್ಳುತ್ತದೆ. ಪಟ್ಟಣದ ಎಲ್ಲೆಯಾಚೆಯ ಹಳ್ಳಿಯವರೂ ಇದೇ ಕ್ರಮವನ್ನು ಅನುಸರಿಸುವುದರಿಂದ ಲಾಭವೇ ಹೊರತು ನಷ್ಟವಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಬಂಧುಗಳಿಗೆ ಬೇರೆ ಕಾಯಿದೆ. ಅಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಕರಾರನ್ನು ರಿಜಿಸ್ಟರು ಮಾಡಿಸುವ ಹೊಣೆ ಮನೆಯೊಡೆಯನದೇ. ಕಾಸರಗೋಡಿನ ಕಡೆಯವರು 1965ರ ಕೇರಳದ ಬಾಡಿಗೆ ನಿಯಂತ್ರಣ ಕಾಯಿದೆಯನ್ನು ನೋಡಿಕೊಳ್ಳಬೇಕು. ನೆಂಟರೊಬ್ಬರ ರಾಜ್ಯದ ನಿಯಮವನ್ನು ಇನ್ನೊಬ್ಬರ ರಾಜ್ಯಕ್ಕೆ ಹಚ್ಚಬಾರದು.

ಗಡಿಯಾಚೆಯ ನಮಗೆ ಇನ್ನೊಂದು ಕಷ್ಟವಿದೆ. ಕರಾರುಗಳನ್ನು ಸಾಮಾನ್ಯವಾಗಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಯುತ್ತಾರೆ. ಮನೆಯಲ್ಲಿ ಕನ್ನಡವಾಡುವ, ಶಾಲೆಯಲ್ಲಿ ಕನ್ನಡವನ್ನೇ ಕಲಿತ ಹಿರಿಯರು ಅದನ್ನು ಓದಲಾರರು. ಬಿಡಾರಕ್ಕೆ ಬರುವ ಹಿಂದಿಯವರಿಗೂ ಒಡಿಯಾದವರಿಗೂ ಅದು ತಿಳಿಯದು. ಇಬ್ಬರಿಗೂ ತಿಳಿಯದ ಕಾಗದಕ್ಕೆ ಇಬ್ಬರೂ ರುಜು ಹಾಕುವುದು ಅಪಾಯಕರ. ರುಜುವಿಗೆ ಮೊದಲು ಓದಬಲ್ಲ ಮಗನಿಂದಲೋ ಮಗಳಿಂದಲೋ ಊರಿನ ಉಪಾಧ್ಯಾಯರಿಂದಲೋ ಸಾಲುಸಾಲಾಗಿ ಓದಿಸಿ ಅರ್ಥ ಕೇಳಬೇಕು. ಮುಖ್ಯಾಂಶಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಕರಾರಿನಲ್ಲಿ ಇರಲೇಬೇಕಾದ ವಿಷಯಗಳು ಇವು: ಇಬ್ಬರ ಹೆಸರು ವಿಳಾಸ, ಯಾವ ಮನೆ, ಎಷ್ಟು ಮಂದಿ ವಾಸ, ತಿಂಗಳ ಬಾಡಿಗೆ, ಯಾವ ತಾರೀಖಿನೊಳಗೆ ಕೊಡಬೇಕು, ಮುಂಗಡವೆಷ್ಟು, ಅವಧಿಯೆಷ್ಟು, ಬಾಡಿಗೆ ಎಂದು ಎಷ್ಟು ಏರುತ್ತದೆ, ನೀರು ಮತ್ತು ವಿದ್ಯುತ್ತಿನ ಖರ್ಚು ಯಾರದು, ಬಿಡುವ ಮೊದಲು ಎಷ್ಟು ದಿನ ಮುಂಚೆ ಹೇಳಬೇಕು. ಬಂದವರ ಗುರುತು ಚೀಟಿಯ ಪ್ರತಿಯನ್ನೂ ಕೆಲಸದ ಸ್ಥಳದ ವಿವರವನ್ನೂ ತೆಗೆದಿಟ್ಟುಕೊಂಡು, ಪೊಲೀಸು ಠಾಣೆಗೆ ತಿಳಿಸಿಡುವುದು ಒಳ್ಳೆಯ ವಾಡಿಕೆ.

ಮುಂಗಡ ಮತ್ತು ರಸೀದಿ

ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುತ್ತಾರೆಂದು ನಾವೂ ಕೇಳುವುದುಂಟು. ತಮಿಳುನಾಡಿನ ಕಾಯಿದೆಯು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡವನ್ನು ಪಡೆಯಕೂಡದೆನ್ನುತ್ತದೆ. ಮನೆ ಬಿಟ್ಟ ಒಂದು ತಿಂಗಳೊಳಗೆ, ನ್ಯಾಯವಾದ ಬಾಕಿಯನ್ನು ಮುರಿದುಕೊಂಡು, ಉಳಿದದ್ದನ್ನು ಹಿಂದಿರುಗಿಸಬೇಕು. ಮುಂಗಡವೂ ಭೋಗ್ಯದಂತೆ ಪರರ ಹಣವೇ. ಅದನ್ನು ಗೊಬ್ಬರದ ಅಂಗಡಿಗೆ ಕೊಟ್ಟುಬಿಟ್ಟರೆ ಬಿಡುವ ದಿನ ಮುಖ ಮರೆಸಿಕೊಳ್ಳಬೇಕಾಗುತ್ತದೆ.

ಪ್ರತಿ ತಿಂಗಳೂ ರಸೀದಿ ಕೊಡುವುದು ಕಾಯಿದೆಯ ಕಟ್ಟಳೆ. ಈಗ ಹಣ ಫೋನಿನ ಮೂಲಕ ಬರುವುದರಿಂದ ರಸೀದಿ ಬೇಡವೆಂದುಕೊಳ್ಳಬಾರದು. ಬಂದ ಹಣ ಬಾಡಿಗೆಯದೋ, ಮುಂಗಡದ್ದೋ, ವಿದ್ಯುತ್ತಿನದ್ದೋ ಎಂಬುದನ್ನು ರಸೀದಿಯೇ ಹೇಳಬೇಕು.

ಇನ್ನು "ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತದೆ" ಎಂಬ ಭಯ. ಈ ಭಯಕ್ಕೆ ಹೆದರಿ ಒಳ್ಳೆಯ ಸಂಸಾರವನ್ನು ಹತ್ತು ವರ್ಷಕ್ಕೇ ಎಬ್ಬಿಸಿದವರುಂಟು. 1963ರ ಕಾಲಮಿತಿ ಕಾಯಿದೆಯ ಹನ್ನೆರಡು ವರ್ಷದ ಮಾತು, ಒಡೆಯನ ಹಕ್ಕಿಗೆ ವಿರುದ್ಧವಾಗಿ ಸ್ವಾಧೀನದಲ್ಲಿದ್ದವರಿಗೆ ಸಂಬಂಧಿಸಿದ್ದು. ಬಾಡಿಗೆದಾರನು ಒಡೆಯನ ಒಪ್ಪಿಗೆಯಿಂದ ಇರುವವನು. ಬಾಡಿಗೆಗಿರುವಾಗ ಒಡೆಯನ ಹಕ್ಕನ್ನು ಅವನು ಅಲ್ಲಗಳೆಯುವಂತಿಲ್ಲ. ಆದರೆ ಅವನು ಬಾಡಿಗೆದಾರನೆಂಬುದಕ್ಕೆ ಸಾಕ್ಷಿ ಬೇಕಲ್ಲ! ಆ ಸಾಕ್ಷಿಯೇ ಕರಾರು ಮತ್ತು ರಸೀದಿ. ಭಯಪಡಬೇಕಾದವರು ಕಾಗದವಿಲ್ಲದೆ ಬಿಟ್ಟುಕೊಟ್ಟವರು ಮಾತ್ರ.

ವಿದ್ಯುತ್ತು, ನೀರು, ರಿಪೇರಿ

ಪಂಪ್‌ಸೆಟ್ಟಿಗೆಂದು ಸರಕಾರವು ಉಚಿತವಾಗಿ ಕೊಡುವ ವಿದ್ಯುತ್ತಿನಿಂದ ಬಾಡಿಗೆ ಮನೆಗೆ ತಂತಿಯೆಳೆಯುವುದು ಕೆಲವರಲ್ಲಿ ಕಾಣುತ್ತದೆ. ಇದು 2003ರ ವಿದ್ಯುತ್ ಕಾಯಿದೆಯ ಪ್ರಕಾರ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ದರದ ಎರಡು ಪಾಲು ವಸೂಲಾಗುತ್ತದೆ. ಹಾಗೆಳೆದ ತಂತಿಯಿಂದ ಒದ್ದೆ ಗೋಡೆಗೆ ವಿದ್ಯುತ್ ಹರಿದರೆ ಪ್ರಾಣವೇ ಹೋದೀತು. ಪ್ರತಿ ಮನೆಗೂ ಬೇರೆ ಮೀಟರು ಹಾಕಿಸಿ, ಬಿಲ್ಲನ್ನು ಅವರವರೇ ಕಟ್ಟುವಂತೆ ಮಾಡಿದರೆ ತಿಂಗಳ ತಕರಾರು ನಿಲ್ಲುತ್ತದೆ. ಒಂದೇ ಮೀಟರು ಇದ್ದಲ್ಲಿ ಬಿಲ್ಲಿನ ಮೊತ್ತವನ್ನು ತೋರಿಸಿ ಹಂಚಬೇಕು. ಅದರಲ್ಲಿ ಲಾಭ ತೆಗೆಯುವುದು ಸಲ್ಲ.

ರಿಪೇರಿಯ ಹೊಣೆಯನ್ನು ಕಾಯಿದೆಯೇ ಹಂಚಿಕೊಟ್ಟಿದೆ. ಗೋಡೆ ಮಾಳಿಗೆಗಳ ದುರಸ್ತಿ, ಸುಣ್ಣ, ಬಾಗಿಲು ಕಿಟಕಿಗಳ ಬಣ್ಣ, ನೀರಿನ ಕೊಳವೆ, ವಿದ್ಯುತ್ ತಂತಿ ಇವು ಒಡೆಯನ ಪಾಲಿಗೆ. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಬಚ್ಚಲ ಚರಂಡಿ ಸ್ವಚ್ಛಪಡಿಸುವುದು ಮೊದಲಾದವು ಬಾಡಿಗೆದಾರನ ಪಾಲಿಗೆ. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಅದರಂತೆ. ಮನೆಗೆ ಬರುವ ದಿನ ಇಬ್ಬರೂ ಕೂಡಿ ಗೋಡೆ, ನಲ್ಲಿ, ಬಾಗಿಲುಗಳ ಸ್ಥಿತಿಯನ್ನು ಬರೆದು, ಫೋನಿನಲ್ಲಿ ಚಿತ್ರ ತೆಗೆದಿಟ್ಟರೆ, ಬಿಡುವ ದಿನದ ವಾದವೆಲ್ಲ ತಪ್ಪುತ್ತದೆ. ರಿಪೇರಿಗೋ ತಪಾಸಣೆಗೋ ಒಳಗೆ ಹೋಗಬೇಕಾದರೂ 24 ಗಂಟೆ ಮುಂಚೆ ತಿಳಿಸಬೇಕು. ನಮ್ಮದೇ ಮನೆಯಾದರೂ ಅಲ್ಲಿ ಮತ್ತೊಂದು ಸಂಸಾರವಿದೆ.

ಬಿಡಿಸುವ ಸಂದರ್ಭ

ಬಾಡಿಗೆ ನಿಂತಾಗ ಸಿಟ್ಟಿನಿಂದ ನೀರು ನಿಲ್ಲಿಸುವುದು, ವಿದ್ಯುತ್ ಕಡಿಯುವುದು, ಸಾಮಾನು ಹೊರಗೆಸೆದು ಬೀಗ ಹಾಕುವುದು ಕೆಲವರ ರೀತಿ. ಅವಶ್ಯಕ ಸೌಕರ್ಯವನ್ನು ತಡೆಯುವುದನ್ನು ಕಾಯಿದೆ ನಿಷೇಧಿಸಿದೆ. ಹೀಗೆ ಮಾಡಿದವನ ಪಾಲಿಗೆ ನ್ಯಾಯವಾದ ಬಾಕಿಯೂ ಕೈತಪ್ಪಿ, ಅವನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ಎರಡು ತಿಂಗಳ ಬಾಕಿ ನಿಂತು, ನೋಟೀಸು ತಲುಪಿದ ಮೇಲೂ ಒಂದು ತಿಂಗಳೊಳಗೆ ಕಟ್ಟದಿದ್ದರೆ, ಅಥವಾ ಒಪ್ಪಿಗೆಯಿಲ್ಲದೆ ಮನೆಯನ್ನು ಇನ್ನೊಬ್ಬರಿಗೆ ಕೊಟ್ಟರೆ, ಅಥವಾ ಸ್ವಂತ ವಾಸಕ್ಕೆ ಮನೆ ಬೇಕಾದರೆ ಬಾಡಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕುವ ದಾರಿಯಿದೆ. ಅಲ್ಲಿಗೆ ಹೋಗುವ ಮೊದಲು ಎದುರು ಕುಳಿತು ಮಾತಾಡಿದರೆ ಬಹುಪಾಲು ಪ್ರಸಂಗಗಳು ತೀರುತ್ತವೆ. ಪಾಳಿ ತಪ್ಪಿದ ಕೂಲಿಯವನಿಗೆ ಬಾಕಿಯನ್ನು ಎರಡು ಕಂತಾಗಿ ಒಡೆದುಕೊಟ್ಟರೆ ಅವನೂ ಉಳಿಯುತ್ತಾನೆ, ಮನೆಯೂ ಖಾಲಿ ನಿಲ್ಲುವುದಿಲ್ಲ. ನಮ್ಮ ಮಕ್ಕಳೂ ಬೊಮ್ಮಸಂದ್ರದಲ್ಲಿ, ಬೆಂಗಳೂರಿನಲ್ಲಿ ಬೇರೆಯವರ ಮನೆಗೆ ಬಾಡಿಗೆ ಕೊಟ್ಟು ಇರುವವರೇ ಅಲ್ಲವೇ?

ತೆರಿಗೆ

ಹೊಲದಲ್ಲಿ ಕಟ್ಟಿದ ಮನೆಯಾದುದರಿಂದ ಅದರ ಬಾಡಿಗೆಯೂ ಬೇಸಾಯದ ಆದಾಯ, ತೆರಿಗೆಯಿಲ್ಲ ಎಂದು ಕೆಲವರು ನಂಬಿದ್ದಾರೆ. ಅದು ಸರಿಯಲ್ಲ. ಬೇಸಾಯಕ್ಕಾಗಿಯೇ ಬಳಸುವ ತೋಟದ ಮನೆಯ ಮಾತು ಬೇರೆ. ಕಾರ್ಖಾನೆಯವರಿಗೆ ಕೊಟ್ಟ ಮನೆಯ ಬಾಡಿಗೆ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆದರೆ ಪೂರ್ತಿ ಬಾಡಿಗೆಯ ಮೇಲೆ ತೆರಿಗೆಯಿಲ್ಲ. ಮೇಲಿನ ಉದಾಹರಣೆಯಲ್ಲಿ ಕೈಗೆ ಬಂದ 1,76,000ದಲ್ಲಿ ಕಟ್ಟಿದ ಮನೆ ತೆರಿಗೆ 6,000ವನ್ನು ಕಳೆದರೆ 1,70,000. ಇದರಲ್ಲಿ ನೂರಕ್ಕೆ 30, ಅಂದರೆ 51,000ವನ್ನು ರಿಪೇರಿ ಮುಂತಾದವುಗಳಿಗೆಂದು ರಸೀದಿ ಕೇಳದೆಯೇ ಬಿಡುತ್ತಾರೆ. ಉಳಿದ 1,19,000ದಲ್ಲಿ ಮನೆಯ ಸಾಲದ ಬಡ್ಡಿಯನ್ನೂ ಕಳೆಯಬಹುದು. ಬೇರೆ ವರಮಾನವಿಲ್ಲದವರಿಗೆ ತೆರಿಗೆ ಬಾರದೆಯೇ ಹೋದೀತು. ಮನೆಯಲ್ಲಿ ಸಂಬಳದವರಿದ್ದು ಮನೆ ಅವರ ಹೆಸರಿನಲ್ಲಿದ್ದರೆ ಸಂಬಳದ ಜೊತೆ ಇದನ್ನು ತೋರಿಸಲೇಬೇಕು.

ಕಟ್ಟುವ ಮೊದಲು ಐದು ಪ್ರಶ್ನೆ

ಇಷ್ಟನ್ನು ತಿಳಿದ ಮೇಲೆ, ಮನೆಮಂದಿಯೆಲ್ಲ ಕುಳಿತು ಒಂದು ಹಾಳೆಯ ಮೇಲೆ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಒಂದು, ಜಾಗದ ಪಟ್ಟಾ ಯಾರ ಹೆಸರಿನಲ್ಲಿದೆ, ಉಳಿದ ಪಾಲುದಾರರ ರುಜು ಆಗಿದೆಯೇ? ಎರಡು, ವರ್ಷಕ್ಕೆ ಒಂದೊಂದು ತಿಂಗಳು ಮನೆ ಖಾಲಿ ನಿಂತರೂ ಕಂತು ತೀರುವುದೇ? ಮೂರು, ತೀರದಿದ್ದರೆ ಆ ಕೊರತೆಯನ್ನು ಯಾವ ವರಮಾನದಿಂದ ತುಂಬುವುದು? ನಾಲ್ಕು, ಸಾಲಕ್ಕೆ ಅಡವಿಡುವುದು ಮನೆಯ ಜಾಗವನ್ನು ಮಾತ್ರವೋ, ಉಣ್ಣುವ ಹೊಲವನ್ನೂ ಸೇರಿಸಿಯೋ? ಐದು, ಕರಾರು, ರಸೀದಿ, ಲೆಕ್ಕಗಳನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ?

ನಾಲ್ಕನೆಯ ಪ್ರಶ್ನೆಗೆ "ಹೊಲವನ್ನೂ ಸೇರಿಸಿ" ಎಂಬ ಉತ್ತರ ಬಂದರೆ ಕಟ್ಟುವುದನ್ನು ಮುಂದಿನ ವರ್ಷಕ್ಕೆ ಹಾಕಿ, ಕಡಿಮೆ ರೂಮುಗಳ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಒಳಿತು. ಐದನೆಯ ಪ್ರಶ್ನೆಗೆ ಹೈಸ್ಕೂಲು ಓದುವ ಮಗಳ ಹೆಸರನ್ನು ಬರೆದರೂ ಸರಿಯೇ. ಒಂದೊಂದು ರೂಮಿಗೆ ಒಂದೊಂದು ಪುಟವಿರುವ ನೋಟುಬುಕ್ಕನ್ನು ಆಕೆಯ ಕೈಗೆ ಕೊಡಿ. ಬಂದದ್ದು ಎಡಕ್ಕೆ, ಖರ್ಚಾದದ್ದು ಬಲಕ್ಕೆ ಬರೆಯಲಿ. ವರ್ಷದ ಕೊನೆಗೆ ಕೂಡಿ ಕಳೆದಾಗ ಮನೆ ನಮ್ಮನ್ನು ಸಾಕುತ್ತಿದೆಯೋ, ನಾವು ಮನೆಯನ್ನು ಸಾಕುತ್ತಿದ್ದೇವೆಯೋ ಎಂಬುದು ತಿಳಿಯುತ್ತದೆ.